ಧ್ವನಿ ಏರಿಸಲು ಒತ್ತಿದೆ, ಪ್ರಶ್ನೆಗಳೇ ಹಾರಿದವು

ಮಾನ್ಯ ಪರೀಕ್ಷಾ ನಿಯಂತ್ರಕರೇ,

ಹನ್ನೊಂದು ಪ್ರಶ್ನೆಗಳಿಗೆ ಉತ್ತರಿಸದೆ ಬಿಟ್ಟೆನೆಂದು ನಿಮ್ಮ ಕಚೇರಿ ನನ್ನನ್ನು ಅನುತ್ತೀರ್ಣಳೆಂದು ಘೋಷಿಸಿದೆ. ಬಿಟ್ಟವಳು ನಾನಲ್ಲ, ನೀವು ಕೈಗಿತ್ತ ಯಂತ್ರ. ಇದನ್ನು ಎರಡು ಸಲ ಅರ್ಜಿಯಲ್ಲಿ ವಿನಯದಿಂದ ಹೇಳಿದ್ದಾಯಿತು. ಈಗ ನಾಲ್ಕು ಜನ ಕೇಳುವಂತೆ ಹೇಳುತ್ತಿದ್ದೇನೆ.

ನನಗೆ ಹುಟ್ಟಿನಿಂದ ಕಣ್ಣು ಕಾಣಿಸದು. ಆಸ್ಪತ್ರೆಯೊಂದರ ದೂರವಾಣಿ ವಿಭಾಗದಲ್ಲಿ ಹದಿನಾರು ವರ್ಷಗಳಿಂದ ಕೆಲಸ. ಇನ್ನೂರು ಒಳಸಂಖ್ಯೆಗಳು ಬಾಯಿಪಾಠ. ಹೆರಿಗೆ ವಾರ್ಡು ಕೇಳಿದವರನ್ನು ಒಂದು ದಿನವೂ ಶವಾಗಾರಕ್ಕೆ ಜೋಡಿಸಿಲ್ಲ. ಅದೇ ವಿಭಾಗದ ಮುಖ್ಯಸ್ಥೆಯ ಹುದ್ದೆಗೆ ಪರೀಕ್ಷೆ ಬರೆಯಲು ಬಂದಾಗ, ಪ್ರಶ್ನೆಗಳನ್ನು ಓದಿ ಹೇಳುವ ಅಂಗೈಯಗಲದ ಆಡಿಯೋ ಪ್ಲೇಯರನ್ನು ನಿಮ್ಮವರು ಕೊಟ್ಟರು. ಉತ್ತರ ಬ್ರೈಲ್‌ನಲ್ಲಿ. ಕೊಠಡಿ ಕಾಯುತ್ತಿದ್ದ ಮೇಡಂ ಒಂದೊಂದಾಗಿ ಹಾಕಿಕೊಟ್ಟ ಆರು ಪ್ರಶ್ನೆ ಸಲೀಸಾಗಿ ಮುಗಿದವು. ಏಳನೆಯದಕ್ಕೆ ಬರುವಷ್ಟರಲ್ಲಿ ಕರೆಂಟು ಹೋಗಿ ಕಿಟಕಿಯಾಚೆ ಜನರೇಟರ್ ಗುಡುಗತೊಡಗಿತು. ದನಿ ಸಾಲದೆಂದು ಬಲಗಡೆಯ ಗುಂಡಿ ಒತ್ತಿದೆ. ಏರಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಮತ್ತೆ. ಆ ಗದ್ದಲದಲ್ಲಿ ಯಂತ್ರ ಏನು ಗೊಣಗುತ್ತಿದೆಯೆಂದೇ ತಿಳಿಯಲಿಲ್ಲ. ಜನರೇಟರ್ ನಿಂತಾಗ ಸ್ಪಷ್ಟವಾಗಿ ಕೇಳಿಸಿತು: “ಪ್ರಶ್ನೆ ಹದಿನೆಂಟು.”

“ಮೇಡಂ, ನಾನಿನ್ನೂ ಏಳನೇದ್ರಲ್ಲಿದ್ದೆ!” ಎಂದು ಕೂಗಿದೆ.

“ಒಂದ್ಸಲ ಒತ್ತಿದ್ರೆ ಮುಂದಿನ ಪ್ರಶ್ನೆ, ಒತ್ತಿ ಹಿಡ್ಕೊಂಡ್ರೆ ದನಿ. ಹಿಂದೆ ಹೋಗೋಕೆ ಆಗಲ್ಲಮ್ಮ, ಲಾಕ್ ಮಾಡಿದಾರೆ,” ಎಂದರು ಮೇಡಂ.

“ಮೊದ್ಲೇ ಹೇಳ್ಬಾರ್ದಿತ್ತಾ?”

“ಕೈಪಿಡಿ ಕೊಟ್ಟಿದ್ವಲ್ಲ!”

ಹೌದು, ಪ್ರವೇಶಪತ್ರದ ಜೊತೆ ಯಾವುದೋ ಮಡಿಸಿದ ಕಾಗದ ಬಂದಿತ್ತು. ಮನೆಗೆ ಹೋಗಿ ಅಕ್ಕನ ಕೈಗಿಟ್ಟೆ. “ಸಾಸಿವೆಗಿಂತ ಸಣ್ಣಕ್ಷರ ಕಣೇ, ಕನ್ನಡಕ ಹಾಕಿದ್ರೂ ಕಾಣ್ತಿಲ್ಲ,” ಎಂದಳು. ಕಣ್ಣಿಲ್ಲದವರಿಗೆ ಅಚ್ಚಿನ ಕೈಪಿಡಿ ಕಳಿಸಿದ ಪುಣ್ಯಾತ್ಮರು ಯಾರು ಸ್ವಾಮಿ? ಕಿವಿ ಕೇಳಿಸದವರಿಗೆ ನೀವು ಫೋನು ಮಾಡಿ ವಿವರಿಸುತ್ತೀರಾ?

ನಿಮ್ಮ ಉಪನಿಯಂತ್ರಕರ ಮುಂದೆಯೂ ನಿಂತೆ. “ನೀವೇ ದನಿ ಏರಿಸಿ ತೋರಿಸಿ ಸಾರ್,” ಎಂದೆ. ಎರಡೂ ಕಣ್ಣು ನೆಟ್ಟಗಿರುವ ಆ ಮಹನೀಯರು ಒತ್ತಿದರು. ಮೂರು ಪ್ರಶ್ನೆ ಹಾರಿದವು. ಹಿಂದಿನ ಮೇಜಿನ ಗುಮಾಸ್ತರು ಕಿಸಕ್ಕೆಂದರು.

“ಅಭ್ಯಾಸ ಬೇಕು ನೋಡಿ ಇದಕ್ಕೆ.”

“ನನಗೆಷ್ಟು ದಿನ ಅಭ್ಯಾಸ ಕೊಟ್ಟಿದ್ರಿ ಸಾರ್?”

ವಾರದ ಮೇಲೆ ನಿಮ್ಮ ಸಹಿಯ ಉತ್ತರ ಬಂತು: “ಉಪಕರಣದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ಮುಂದಿನ ವರ್ಷ ಹೊಸದಾಗಿ ಅರ್ಜಿ ಸಲ್ಲಿಸತಕ್ಕದ್ದು.” ಕಂಡುಬರುವುದೆಲ್ಲಿಂದ? ಮೂರು ಪ್ರಶ್ನೆ ಹಾರಿಸಿದವರು ಅದನ್ನು ವರದಿಯಲ್ಲಿ ಬರೆದಿದ್ದರೆ ತಾನೇ!

ಪರೀಕ್ಷೆಯ ಮರುದಿನ ನನ್ನ ಸಹೋದ್ಯೋಗಿಗಳು ಏನಾಯ್ತೆಂದು ಕೇಳಿದಾಗ, “ನನ್ನ ಬೆರಳೇ ಎಡವಟ್ಟು ಮಾಡ್ತು,” ಎಂದು ತಲೆತಗ್ಗಿಸಿದ್ದೆ. ಅಳುವನ್ನು ಕೆಮ್ಮಿನಲ್ಲಿ ಮುಚ್ಚಿದ್ದೆ. ಆ ಮಾತನ್ನು ಇಂದು ಬಹಿರಂಗವಾಗಿ ಹಿಂದಕ್ಕೆ ಪಡೆಯುತ್ತಿದ್ದೇನೆ. ನನ್ನ ಬೆರಳು ಸರಿಯಾಗಿದೆ.

ಹೊಸ ಅರ್ಜಿ ಹಾಕುವುದಿಲ್ಲ. ಹಾರಿಹೋದ ಪ್ರಶ್ನೆಗಳನ್ನು ನನಗೆ ಮತ್ತೆ ಕೇಳಿ, ಬೇಕಾದರೆ ನಿಮ್ಮ ಬಾಯಿಂದಲೇ. ತಪ್ಪು ಉತ್ತರಿಸಿದರೆ ಧಾರಾಳವಾಗಿ ನಾಪಾಸು ಮಾಡಿ, ಕೇಳದೇ ಮಾಡಬೇಡಿ. ಸೋಮವಾರ ಬೆಳಗ್ಗೆ ಹತ್ತಕ್ಕೆ ನಿಮ್ಮ ಕೊಠಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ರಜೆ ಆಗಲೇ ಮಂಜೂರಾಗಿದೆ.

ಇಂತಿ,
ಸುಸ್ತಾದರೂ ಸುಮ್ಮನಾಗದ
ಒಬ್ಬ ಟೆಲಿಫೋನ್ ಆಪರೇಟರ್