ಕೆಳಗಿನಿಂದ ಬರುವ ಬಿಸಿಲು

ಮನೆ, ಮೇಲಿನ ಕೋಣೆಯ ಕಿಟಕಿಯ ಪಕ್ಕ
ಮಾರ್ಚ್ 14, ಶನಿವಾರ, ಬೆಳಿಗ್ಗೆ ಏಳೂಕಾಲು

ಪ್ರೀತಿಯ ಮಾವ,

ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ಏಣಿ ಹತ್ತುವಾಗ ಬಲಗಾಲು ಮೊದಲು ಇಡಬೇಡಿ ಎಂದು ಅತ್ತೆ ಹೇಳಿ ಕಳಿಸಿದ್ದರಲ್ಲ, ಕೇಳುತ್ತಿದ್ದೀರಾ? ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೋ, ಇಲ್ಲ ‘ಈ ಒಂದು ಪಟ್ಟಿ ಬಳಿದು ಮುಗಿಸಿ ಇಳೀತೀನಿ’ ಎನ್ನುತ್ತಾ ಮೂರು ಗಂಟೆ ಮಾಡುತ್ತಿದ್ದೀರೋ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಪೆನ್ನು ನಿಂತಿತು. ಮೂವರಲ್ಲಿ ಎರಡೂ ಮುಕ್ಕಾಲು ಜನ ಚೆನ್ನಾಗಿದ್ದೇವೆ ಮಾವ. ಉಳಿದ ಕಾಲು ಭಾಗ ನಿಮ್ಮ ಮಗನ ಎಡಗಿವಿ. ಅದಕ್ಕೇ ಈ ಕಾಗದ.

ಫೋನಿನಲ್ಲಿ ಹೇಳಬಹುದಿತ್ತು ಎನ್ನುತ್ತೀರಿ. ಹೇಗೆ ಹೇಳಲಿ? ನೀವು ಫೋನನ್ನು ಸ್ಪೀಕರಿನಲ್ಲಿ ಹಾಕಿ ಪೈಂಟ್ ಡಬ್ಬದ ಮೇಲಿಡುತ್ತೀರಿ, ನಾನು ಕೆಮ್ಮಿದರೂ ನೀವು ಬಿಳಿ ಬಣ್ಣ ಬಳಿಯುತ್ತಿರುವ ಆ ಊರಿನ ಗೋದಾಮಿನ ಛಾವಣಿಯ ಮೇಲಿರುವವರಿಗೆಲ್ಲ ಕೇಳುತ್ತದೆ. ಈ ಕಡೆ ಇವರು ನನ್ನ ಪಕ್ಕದಲ್ಲೇ ನಿಂತು ಕಣ್ಣಲ್ಲೇ ‘ಬೇಡ, ಬೇಡ’ ಅನ್ನುತ್ತಾರೆ. ಆಮೇಲೆ ನೀವು ‘ಹಾಂ ಕಣಮ್ಮಾ, ಎಲ್ಲ ಆರಾಮ್’ ಎಂದು ಇಟ್ಟುಬಿಡುತ್ತೀರಿ. ಎರಡು ತಿಂಗಳಿಂದ ಇದೇ ಆಗುತ್ತಿದೆ. ನಿಮ್ಮ ಕೆಲಸಕ್ಕೆ ಬೇಕಾದ, ಬಣ್ಣಕ್ಕಿಂತ ಮೊದಲು ಬಳಿಯುವ ಪ್ರೈಮರ್ ಡ್ರಮ್ಮುಗಳನ್ನು ಹೊತ್ತ ಲಾರಿ ಎಂಟಕ್ಕೆ ಹೊರಡುತ್ತದಂತೆ. ಡ್ರೈವರಣ್ಣ ಸಂಜೆಯೊಳಗೆ ಇದನ್ನು ನಿಮ್ಮ ಕೈಗೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾನೆ. ನಿಮ್ಮ ಮಗ ಈಗ ಕೆಳಗೆ ನಿಂತು ಡ್ರಮ್ಮು ಉರುಳಿಸುತ್ತಿದ್ದಾರೆ. ತಲೆಯ ಮೇಲೆ ಟೋಪಿ ಇಲ್ಲ. ಟೋಪಿ ಎಲ್ಲಿದೆ ಗೊತ್ತಾ? ಲಾರಿಯ ಕನ್ನಡಿಗೆ ನೇತುಹಾಕಿದ್ದಾರೆ, ಕನ್ನಡಿಗೆ ಬಿಸಿಲು ತಾಗಬಾರದು ನೋಡಿ!

ಕಿವಿಯ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸವೇ ಜನರ ಕಿವಿ, ಮೂಗು ನೋಡುವುದಲ್ಲವೇ. ಕನ್ನಡಕದ ಅಂಗಡಿಯಲ್ಲಿ ಐದು ವರ್ಷ ನಿಂತವಳಿಗೆ ಮುಖಕ್ಕಿಂತ ಮೊದಲು ಕಿವಿಯೇ ಕಾಣಿಸುವುದು. ಜನವರಿ ಮೊದಲ ವಾರ ಇವರಿಗೆ ತಂಪು ಕನ್ನಡಕ ತಂದು ಕೂರಿಸಿದೆ. (ಎಷ್ಟು ಚೆಂದ ಕಾಣುತ್ತಾರೆ ಅಂತೀರಿ! ಅತ್ತೆಯ ಎದುರು ಹೇಳಲು ನಾಚಿಕೆ, ನಿಮ್ಮ ಎದುರು ಬರೆಯಲು ಯಾಕೋ ಇಲ್ಲ.) ಕಡ್ಡಿ ಕೂರುವ ಜಾಗದಲ್ಲಿ, ಕಿವಿಯ ಮೇಲಂಚಿನಲ್ಲಿ, ಅಕ್ಕಿಕಾಳಿನಷ್ಟು ಒರಟು ಹಕ್ಕಳೆ. ಬೆರಳಾಡಿಸಿದರೆ ಮರಳುಕಾಗದದಂತೆ. ಎರಡು ವಾರಕ್ಕೆ ಉದುರಿತು, ಖುಷಿಪಟ್ಟೆ. ನಾಲ್ಕೇ ದಿನಕ್ಕೆ ಮತ್ತೆ ಬಂತು. ಮತ್ತೆ ಉದುರಿತು, ಈ ಸಲ ದಿಂಬಿನ ಮೇಲೆ ರಕ್ತದ ಚುಕ್ಕೆ. ಮತ್ತೆ ಬಂತು. ಎರಡೂವರೆ ತಿಂಗಳಿಂದ ಆ ಹಕ್ಕಳೆ ಹೀಗೆ ಬಂದು ಹೋಗಿ ಮಾಡುತ್ತಿದೆ. ಔಷಧಿ ಅಂಗಡಿಯ ಮೇಡಂ ‘ಒಂದು ತಿಂಗಳಲ್ಲಿ ಮಾಯದ ಗಾಯವನ್ನ ಚರ್ಮದ ಡಾಕ್ಟರಿಗೆ ತೋರಿಸಲೇಬೇಕು, ಅದೂ ಬಿಸಿಲಲ್ಲಿ ದುಡಿಯೋರು’ ಅಂದರು. ನಾನು ಅದನ್ನೇ ಮೊಬೈಲಿನಲ್ಲಿ ಹುಡುಕಿದೆ. ಮೊದಲ ಸಾಲಿನಲ್ಲೇ ಕ್ಯಾನ್ಸರ್ ಎಂಬ ಪದ ಕಂಡಿತು. ಮೊಬೈಲನ್ನು ಮಗುಚಿಟ್ಟು ಒಂದು ಗಂಟೆ ಬಟ್ಟೆ ಮಡಿಸಿದೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಬಿಸಿಲನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡಿ ಮಾವ. ನನಗೆ ಬಿಸಿಲೆಂದರೆ ಪ್ರಾಣ. ಇವರನ್ನು ನಾನು ಮೊದಲು ನೋಡಿದ್ದೇ ಬಿಸಿಲಿನಲ್ಲಿ. ನಮ್ಮ ಅಂಗಡಿಯ ಛಾವಣಿ ಸೋರುತ್ತದೆಂದು ನೀವಿಬ್ಬರೂ ಬಂದಿದ್ದಿರಲ್ಲ, ನೀವು ಮಂಡಿಯೂರಿ ಬಿರುಕಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಿರಿ, ಇವರು ಉದ್ದ ಕೋಲಿನ ರೋಲರ್ ಹಿಡಿದು ಬಿಳಿ ಹಚ್ಚುತ್ತಾ ಹಿಂದಕ್ಕೆ ಹಿಂದಕ್ಕೆ ಬಂದು, ಕೆಲಸ ನೋಡಲು ಮೇಲೆ ಹತ್ತಿದ್ದ ನನ್ನ ಕಾಲು ತುಳಿದಿದ್ದರು. ‘ನೋಡ್ಕೊಂಡು ನಿಲ್ಲಬಾರದಾ’ ಎಂದು ನನಗೇ ಗದರಿದರು! ಈಗಲೂ ಎಂಟರೊಳಗಿನ ಎಳೆಬಿಸಿಲಿಗೆ ನಾವಿಬ್ಬರೂ ಚಹಾ ಲೋಟ ಹಿಡಿದು ಮನೆಯ ಛಾವಣಿ ಹತ್ತುತ್ತೇವೆ, ಬೆನ್ನು ಕಾಯಿಸಿಕೊಂಡು ಇಲ್ಲದ ಹರಟೆ ಹೊಡೆಯುತ್ತೇವೆ. ಆ ಅರ್ಧ ಗಂಟೆಯನ್ನು ಯಾರಿಗೂ ಬಿಟ್ಟುಕೊಡಲಾರೆ.

ಆದರೆ ನೀವು ಹಚ್ಚುವ ಬಿಳಿಯ ಗುಣ ನನಗೆ ಗೊತ್ತಿರಲಿಲ್ಲ. ಫೆಬ್ರವರಿಯ ಒಂದು ಭಾನುವಾರ, ಹೊಸ ಹೆಂಡತಿಯ ಹುರುಪಿನಲ್ಲಿ, ಇವರಿಗೆ ಊಟದ ಡಬ್ಬಿ ಹೊತ್ತುಕೊಂಡು, ಕೆಲಸ ನಡೆಯುತ್ತಿದ್ದ ಆಸ್ಪತ್ರೆಯ ಛಾವಣಿಗೆ ಹೋದೆ. ಕೊಡೆಯಷ್ಟು ಅಗಲದ ಟೋಪಿ ಹಾಕಿದ್ದೆ, ನನಗೇನು ಭಯ! ಹನ್ನೆರಡರಿಂದ ಎರಡರ ತನಕ ಒಣಗಿದ ಬಿಳಿಯ ಮೇಲೆ ಕೂತು ಮಾತಾಡಿದೆವು. ಮರುದಿನ ಎದ್ದರೆ ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಡಿಯಲ್ಲಿ, ಹುಬ್ಬಿನ ಕೆಳಗೆ ಉರಿಯೋ ಉರಿ. ಅತ್ತೆ ನೋಡಿ ‘ಏನೇ ಇದು, ಬಾಣಲೆ ಮೇಲೆ ಮುಖ ಬಗ್ಗಿಸಿ ನಿಂತಿದ್ಯಾ?’ ಎಂದರು. ಇವರು ಬಿದ್ದು ಬಿದ್ದು ನಕ್ಕು, ‘ಟೋಪಿ ಇರೋದು ಮೇಲಿನ ಸೂರ್ಯಂಗೆ ಕಣೇ, ಛಾವಣಿ ಮೇಲೆ ಬಿಳಿಗೆ ಬಡಿದು ಕೆಳಗಿಂದ ಇನ್ನೊಬ್ಬ ಸೂರ್ಯ ಬರ್ತಾನೆ’ ಎಂದರು. ಅಷ್ಟು ಚೆನ್ನಾಗಿ ಗೊತ್ತಿದ್ದೂ ನಲವತ್ತು ವರ್ಷ ನೀವು, ಹದಿನಾಲ್ಕು ವರ್ಷ ಇವರು, ಬರೀ ಟೋಪಿ ಹಾಕಿಕೊಂಡೇ ಆ ಕೆಳಗಿನ ಸೂರ್ಯನ ಎದುರು ನಿಂತಿದ್ದೀರಲ್ಲ ಎಂದು ನನಗೆ ಆವತ್ತು ಹೊಳೆಯಿತು. ನಗು ಅಲ್ಲಿಗೇ ನಿಂತಿತು.

ಆಮೇಲೆ ಸನ್‌ಸ್ಕ್ರೀನ್ ತಂದೆ. ಇವರು ಕಡಲೆಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ಸವರಿ ‘ಆಯ್ತು’ ಅಂದರು. ನಿಮ್ಮ ಕೆಲಸದಲ್ಲಿ ಹೀಗೆ ಒಂದು ಡಬ್ಬ ಬಿಳಿಯನ್ನು ಇಡೀ ಛಾವಣಿಗೆ ಎಳೆದರೆ ನೀವು ಸುಮ್ಮನಿರುತ್ತೀರಾ, ಎಂದು ಕೇಳಿದೆ, ಟ್ಯೂಬನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ಈಗ ಎರಡು ಬೆರಳುದ್ದ ಹಿಂಡಿ ಮುಖಕ್ಕೆ, ಕತ್ತಿಗೆ, ಕಿವಿಗೆ, ಗಲ್ಲದ ಅಡಿಗೆ ನಾನೇ ಹಚ್ಚುತ್ತೇನೆ, ಮನೆ ಬಿಡುವ ಇಪ್ಪತ್ತು ನಿಮಿಷ ಮೊದಲು. ಬೆವರಿಗೆ ಇಳಿದುಹೋಗುತ್ತದೆಂದು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದಕ್ಕೆ ಫೋನ್ ಮಾಡಿ ಪೀಡಿಸುತ್ತೇನೆ. ಕೆಲಸದವರೆಲ್ಲ ನನಗೆ ‘ಕ್ರೀಮಕ್ಕ’ ಎಂದು ಹೆಸರಿಟ್ಟಿದ್ದಾರಂತೆ. ನಿಮ್ಮ ಹಳೆಯ ಜೊತೆಗಾರ ರೋಲರ್ ಮಾಮ ಇದ್ದಾರಲ್ಲ, ‘ಇದೂ ಬಿಳಿ, ಅದೂ ಬಿಳಿ, ದುಡ್ಡು ಕೊಟ್ಟು ಯಾಕೆ ತರ್ತೀಯಮ್ಮಾ’ ಎಂದು ಪ್ರೈಮರನ್ನೇ ಮೂಗಿಗೆ ಬಳಿದುಕೊಂಡು, ಎರಡು ದಿನ ಮೂಗು ಊದಿಸಿಕೊಂಡು ಕೂತರು! ಈಗ ನನ್ನ ಟ್ಯೂಬನ್ನು ಎಲ್ಲರಿಗಿಂತ ಮೊದಲು ಕೇಳುವವರೇ ಅವರು. ಹನ್ನೊಂದರಿಂದ ಮೂರರ ತನಕ ಮೇಲೆ ಹತ್ತುವುದು ಬೇಡ, ಬೆಳಿಗ್ಗೆ ಬೇಗ ಶುರುಮಾಡೋಣ ಎಂದೂ ಇವರನ್ನು ಒಪ್ಪಿಸಿದ್ದೇನೆ. ಉದ್ದ ತೋಳಿನ ಅಂಗಿಗೂ ಒಪ್ಪಿದ್ದಾರೆ. ಎಲ್ಲದಕ್ಕೂ ಒಪ್ಪುತ್ತಾರೆ ಮಾವ, ಡಾಕ್ಟರ ಹತ್ತಿರ ಹೋಗಲು ಮಾತ್ರ ಒಪ್ಪುತ್ತಿಲ್ಲ.

ಎರಡು ಸಲ ದಿನ ಗೊತ್ತು ಮಾಡಿದೆ. ಮೊದಲನೇ ಸಲ ‘ಶಾಲೆ ಛಾವಣಿ ತೊಳೆದಾಗಿದೆ, ಇವತ್ತೇ ಹಚ್ಚಬೇಕು’ ಎಂದರು. ಎರಡನೇ ಸಲ ಕ್ಲಿನಿಕ್ಕಿನ ಬಾಗಿಲ ತನಕ ಬಂದು, ಒಳಗೆ ಜನ ಜಾಸ್ತಿ ಎಂದು ನನಗೆ ಐಸ್‌ಕ್ರೀಮ್ ಕೊಡಿಸಿ ವಾಪಸು ಕರೆತಂದರು. ಐಸ್‌ಕ್ರೀಮ್ ತಿಂದ ನನ್ನ ಬುದ್ಧಿಗೆ ಏನನ್ನಬೇಕು! ಮೂರನೆಯದು ಬರುವ ಮಂಗಳವಾರ, ಹತ್ತೂವರೆಗೆ. ಈಗಲೇ ರಾಗ ಶುರುವಾಗಿದೆ. ನಮ್ಮ ಬಣ್ಣದವರಿಗೆ ಬಿಸಿಲು ಏನೂ ಮಾಡಲ್ಲ ಎನ್ನುವುದು ಒಂದು. (ಔಷಧಿ ಅಂಗಡಿಯ ಮೇಡಂ ಹೇಳಿದರು: ಕಡಿಮೆ ಬರುತ್ತೆ, ಬರೋದೇ ಇಲ್ಲ ಅಂತ ಯಾರು ಹೇಳಿದ್ದು?) ನೋವಿಲ್ಲವಲ್ಲ, ನೋವಿಲ್ಲದ್ದಕ್ಕೆ ಡಾಕ್ಟರ್ ಯಾಕೆ ಎನ್ನುವುದು ಇನ್ನೊಂದು. ಅತ್ತೆ ತಮ್ಮ ಪಾಲಿನದನ್ನು ಬೈದಾಯಿತು. ಕೊನೆಗೆ ನಿನ್ನೆ ‘ಅವನು ಹುಟ್ಟಿದಾಗಿನಿಂದ ಕೇಳೋದು ಅವರಪ್ಪನ ಮಾತು ಒಂದೇ, ಅವರಿಗೇ ಬರಿ’ ಎಂದು ಈ ಹಾಳೆ ತಂದುಕೊಟ್ಟವರೂ ಅವರೇ. ಹಾಗಾಗಿ ನೀವು ಒಂದು ಸಾಲು ಬರೆದು ಕಳಿಸಿ ಮಾವ. ‘ಹೋಗಿ ತೋರಿಸು’ ಎಂದಷ್ಟೇ. ಡಾಕ್ಟರು ನೋಡಿ ‘ಏನೂ ಇಲ್ಲ’ ಎಂದರೆ ನನ್ನಷ್ಟು ನಕ್ಕವರು ಈ ಬೀದಿಯಲ್ಲಿ ಯಾರೂ ಇರುವುದಿಲ್ಲ. ಏನಾದರೂ ಇದ್ದರೆ, ಇಷ್ಟು ಚಿಕ್ಕದಾಗಿರುವಾಗಲೇ ತೆಗೆಯುವುದು ಸುಲಭವಂತೆ.

ಇಷ್ಟಕ್ಕೇ ನಿಲ್ಲಿಸೋಣವೆಂದು ಎದ್ದೆ. ಕಿಟಕಿಯ ತನಕ ಹೋಗಿ ಮತ್ತೆ ಬಂದು ಕೂತಿದ್ದೇನೆ. ಇನ್ನೊಂದು ಮಾತಿದೆ, ಅದು ನನ್ನದೇ ತಪ್ಪು. ಮೊನ್ನೆ ವಾದದ ನಡುವೆ ಇವರು ‘ಅಪ್ಪನ ಮೂಗಿನ ಪಕ್ಕ ಇಂಥದ್ದೇ ಎರಡು ವರ್ಷದಿಂದ ಇದೆ, ಅವರಿಗೇನಾಗಿದೆ?’ ಎಂದುಬಿಟ್ಟರು. ನೀವು ಓದುವ ಕನ್ನಡಕಕ್ಕೆಂದು ನಮ್ಮ ಅಂಗಡಿಗೆ ಬಂದದ್ದು ಡಿಸೆಂಬರಿನಲ್ಲಿ, ನಮ್ಮ ಮದುವೆಯಾದ ಮುಂದಿನ ತಿಂಗಳು. ವಾರ ಬಿಟ್ಟು ವಾಪಸು ಬಂದು ‘ಇಲ್ಲಿ ಸ್ವಲ್ಪ ಒತ್ತುತ್ತೆ ಕಣಮ್ಮಾ’ ಎಂದಿರಿ. ನೋಡಿದೆ, ಮೂಗಿನ ಎಡಕ್ಕೆ ಹಕ್ಕಳೆ ಕಟ್ಟಿದ ಗಾಯ. ‘ಮೂಗಿನ ಮೇಲೆ ಕೂರೋ ಪ್ಯಾಡ್ ಉಜ್ಜಿ ಆಗಿದ್ದು ಮಾವ, ವಾರದಲ್ಲಿ ಮಾಯುತ್ತೆ’ ಎಂದು ಇಕ್ಕಳ ಹಿಡಿದು ಪ್ಯಾಡನ್ನು ಅಗಲ ಮಾಡಿದೆ. ಮಾಯಲಿಲ್ಲ. ಮತ್ತೆ ಅಗಲ ಮಾಡಿದೆ. ಮೂರನೇ ಸಲ ಮೆತ್ತನೆಯ ಪ್ಯಾಡು ಹಾಕಿ, ನನ್ನ ಕೈಚಳಕವನ್ನು ನಾನೇ ಮೆಚ್ಚಿಕೊಂಡೆ. ಕನ್ನಡಕ ಬಂದು ಮೂರು ತಿಂಗಳು, ಗಾಯ ಬಂದು ಎರಡು ವರ್ಷ! ಯಾವಾಗಿನಿಂದ ಇದೆ ಎಂದು ಒಂದು ಮಾತು ಕೇಳಲಿಲ್ಲ ನಾನು. ಮಾವನ ಮುಖದ ಗಾಯದ ಬಗ್ಗೆ ಹೊಸ ಸೊಸೆ ಹೇಗೆ ಕೆದಕುವುದು ಎಂಬ ಸಂಕೋಚವೂ ಇತ್ತು. ಬೇರೆ ಗಿರಾಕಿಯಾಗಿದ್ದರೆ ಖಂಡಿತ ಕೇಳುತ್ತಿದ್ದೆ. ನೀವು ನನ್ನನ್ನು ಕ್ಷಮಿಸಬೇಕು, ಅದಕ್ಕಿಂತ ಮೊದಲು ಕನ್ನಡಿಯಲ್ಲಿ ಮೂಗು ನೋಡಿಕೊಳ್ಳಬೇಕು, ಅದು ಈಗಲೂ ಇದೆಯಾ ಎಂದು ನಿಜ ಹೇಳಬೇಕು.

ಅತ್ತೆ ನಿಮಗೆ ಎರಡು ಉದ್ದ ತೋಳಿನ ಅಂಗಿ, ಕತ್ತು ಮುಚ್ಚುವ ಟೋಪಿ ಕಳಿಸಿದ್ದಾರೆ. ಚೀಲದಲ್ಲಿ ನನ್ನ ಟ್ಯೂಬೂ ಎರಡಿವೆ. ನಾಚಿಕೊಳ್ಳದೆ ಹಚ್ಚಿಕೊಳ್ಳಿ, ತುಟಿಗೂ ಕಿವಿಗೂ ಮರೆಯಬೇಡಿ. ನಿಮ್ಮ ಪಾದಗಳಿಗೆ ನನ್ನ ನಮಸ್ಕಾರ. ಬೈಯುವುದಿದ್ದರೆ ಜೋರಾಗಿಯೇ ಬೈಯಿರಿ, ಆದರೆ ಉತ್ತರ ಬರೆಯದೆ ಇರಬೇಡಿ.

ನಿಮ್ಮ ಪ್ರೀತಿಯ ಸೊಸೆ,
ಕ್ರೀಮಕ್ಕ

ವಿ.ಸೂ.: ಮಾವ, ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೊಳ್ಳಿ. ಡ್ರಮ್ಮಿನ ಚೀಟಿ ತೆಗೆದುಕೊಳ್ಳಲು ಮೇಲೆ ಬಂದ ಇವರು ಲಕೋಟೆ ನೋಡಿ ಕೇಳಿದರು, ನಾನು ಸುಳ್ಳು ಹೇಳಲಾರದೆ ಎಲ್ಲ ಹೇಳಿಬಿಟ್ಟೆ. ಕೋಪ ಮಾಡುತ್ತಾರೆಂದುಕೊಂಡೆ. ಮಾಡಲಿಲ್ಲ. ಮಂಚದ ಮೇಲೆ ಕೂತುಬಿಟ್ಟರು. ‘ನನ್ನ ಕಿವಿಗೆ ಡಾಕ್ಟರು ಏನಾದ್ರೂ ಹೆಸರು ಹೇಳಿದ್ರೆ, ಅಪ್ಪನ ಮೂಗಿಗೂ ಅದೇ ಹೆಸರಲ್ವೇನೆ? ಅವರದ್ದು ಎರಡು ವರ್ಷದ್ದು. ಗೊತ್ತಾಗದೆ ಇರ್ಲಿ ಅಂತಿದ್ದೆ’ ಎಂದರು. ಇಷ್ಟು ದಿನ ಇವರು ಹೆದರಿದ್ದು ತಮ್ಮ ಕಿವಿಗಲ್ಲ ಮಾವ! ಅದಕ್ಕೆ ನೀವು ‘ಹೋಗಿ ತೋರಿಸು’ ಎಂದು ಬರೆಯುವುದು ಬೇಡ, ಬರೆದರೂ ನಿಮ್ಮನ್ನು ಬಿಟ್ಟು ಇವರೊಬ್ಬರೇ ಹೋಗುವುದಿಲ್ಲ. ನೀವೇ ಬನ್ನಿ. ಮಂಗಳವಾರ ಹತ್ತೂವರೆಗೆ ಇಬ್ಬರೂ ಒಟ್ಟಿಗೆ ಒಳಗೆ ಹೋಗಿ, ಎರಡನೇ ಟೋಕನ್ ಸಿಗದಿದ್ದರೆ ಇವರದರಲ್ಲಿ ಮೊದಲು ನೀವು. ಲಾರಿ ನಾಳೆ ಮಧ್ಯಾಹ್ನ ನಿಮ್ಮಲ್ಲಿಂದ ಖಾಲಿಯಾಗಿ ವಾಪಸು ಹೊರಡುತ್ತದೆ. ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಅಲ್ಲಿಂದ ಕದಲಬಾರದು ಎಂದು ಡ್ರೈವರಣ್ಣನಿಗೆ ನಿಮ್ಮ ಮಗನೇ ಈಗ ಕೆಳಗೆ ನಿಂತು ಹೇಳುತ್ತಿದ್ದಾರೆ.