ಬಾಯಿಗೆ ಅಡ್ಡ ಹಿಡಿದ ಕೈ

ಬಳ್ಳಾರಿ, ಕೆಳಪೇಟೆ
ಕ್ರಿ.ಶ. 2316, ಎರಡನೇ ಬೇಸಿಗೆಯ ಹನ್ನೊಂದನೇ ದಿನ

ಶಾಲ್ಮಲಾ ಅಜ್ಜಿಯವರಿಗೆ ನೀಲಗಂಗೆಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ಅಷ್ಟೇ. ನಾನು ನಿಮ್ಮಿಂದ ಎಷ್ಟೋ ತಲೆಮಾರು ಕೆಳಗಿನ ಮೊಮ್ಮಗಳು, ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣ ಕೇಳಿ ಕಲಿತವಳು. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನಗಿಂತ ಚಿಕ್ಕ ಹುಡುಗಿಯನ್ನು ಅಜ್ಜಿ ಎಂದು ಕರೆಯುವುದೂ ವಿಚಿತ್ರವೇ. ನಮ್ಮ ಹತ್ತಿರ ಉಳಿದಿರುವ ನಿಮ್ಮ ಒಂದೇ ಒಂದು ಫೋಟೋದಲ್ಲಿ ನಿಮಗೆ ಇಪ್ಪತ್ತರ ಆಸುಪಾಸು. ಹಳದಿ ಚೂಡಿದಾರ, ಯಾರದೋ ಮದುವೆಯ ಊಟದ ಹಾಲ್, ಬಾಯಿಗೆ ಅಡ್ಡ ಹಿಡಿದ ಕೈ. ಆ ಕೈಯ ವಿಷಯಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ನನ್ನ ಮಗಳ ಹೆಸರು ಇಬ್ಬನಿ, ನಾಲ್ಕು ವರ್ಷ. ಇಬ್ಬನಿ ಎಂದರೆ ಹೇಗಿರುತ್ತದೆಂದು ಅವಳೂ ನೋಡಿಲ್ಲ, ನಾನೂ ನೋಡಿಲ್ಲ. ಬಿಸಿಲಿಗೆ ಸೋತು ಊರಿಗೆ ಊರೇ ನೆಲದಡಿಗೆ ಇಳಿದು ಎರಡು ತಲೆಮಾರಾಯಿತು. ನಾವಿರುವುದು ತಂಪೋಣಿಯಲ್ಲಿ. ಮೇಲಿನ ಗಾಳಿಯನ್ನು ಕೊಳವೆಗಳಲ್ಲಿ ಇಳಿಸಿ, ನೀರಿನ ಮೇಲೆ ಹಾಯಿಸಿ ತಣ್ಣಗೆ ಮಾಡಿದ ಓಣಿಗೆ ಹಾಗೆನ್ನುತ್ತೇವೆ. ಇಲ್ಲಿ ಯಾವ ಸದ್ದನ್ನೂ ಮುಚ್ಚಿಡಲಾಗುವುದಿಲ್ಲ. ಬೆಳಿಗ್ಗೆ ಯಾರ ಮನೆಯಲ್ಲಿ ಜೋಳದ ರೊಟ್ಟಿ ಬಡಿದರೂ ಓಣಿಗೆಲ್ಲ ಗೊತ್ತು, ಯಾರ ಮಗು ಅತ್ತರೂ ಗೊತ್ತು. ಕಳೆದ ವಾರ ಇಬ್ಬನಿ ರೊಟ್ಟಿಯನ್ನು ಒಂದೇ ಕಡೆಯಿಂದ ಅಗಿಯತೊಡಗಿದಳು, ಆಮೇಲೆ ಅದನ್ನೂ ಬಿಟ್ಟಳು. ಬಾಯಿ ತೋರಿಸು ಎಂದರೆ ತುಟಿ ಬಿಗಿಹಿಡಿದಳು. ಪಕ್ಕದ ಮನೆಯವರೇ ಬಂದು, ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಹೇಳಿಹೋದರು.

ನಮ್ಮಲ್ಲಿ ಮಗುವಿನ ಮೊದಲ ಹಲ್ಲು ತಪಾಸಣೆಗೆ ಬಾಯಿಸಾಲು ಎಂಬ ಒಂದು ಪದ್ಧತಿ ಇದೆ. ಹಿಂದೆ ನೀರು ಕೆಟ್ಟು ಮಕ್ಕಳ ಹಲ್ಲು ಪುಡಿಯಾಗುತ್ತಿದ್ದ ಕಾಲದಲ್ಲಿ, ಯಾವ ಮನೆತನದ ಹಲ್ಲು ಗಟ್ಟಿ ಎಂದು ತಿಳಿಯಲು ಡಾಕ್ಟರುಗಳು ಹಿರಿಯರ ಚಿತ್ರಗಳನ್ನು ತರಿಸಿಕೊಳ್ಳುತ್ತಿದ್ದರಂತೆ. ಈಗ ಅದರ ಅಗತ್ಯವಿಲ್ಲ, ಆದರೂ ಯಾರೂ ಬಿಟ್ಟಿಲ್ಲ. ಗೋಡೆಯ ಮೇಲೆ ಹಿರಿಯರ ಚಿತ್ರಗಳು ಒಂದೊಂದಾಗಿ ಬರುತ್ತವೆ, ಎಲ್ಲರಿಗಿಂತ ಹಳಬರು ಮೊದಲು. ಎಲ್ಲರ ಹಲ್ಲು ನೋಡಿದ ಮೇಲೆ ಕೊನೆಗೆ ಮಗು ತಾನೇ ಬಾಯಿ ತೆರೆಯಬೇಕು. ತೆರೆಯದಿದ್ದರೆ ಡಾಕ್ಟರು ಮುಟ್ಟುವಂತಿಲ್ಲ. ಮುಂದಿನ ತಿಂಗಳು ಬನ್ನಿ ಎನ್ನುತ್ತಾರೆ. ಅಷ್ಟರಲ್ಲಿ ನನ್ನ ಮಗಳ ಹಲ್ಲು ಉಳಿಯುತ್ತಿರಲಿಲ್ಲ, ನೋವಂತೂ ಉಳಿಯುತ್ತಿತ್ತು.

ನಮ್ಮ ಡಾಕ್ಟರು ಹುಸೇನಪ್ಪನವರು ನಿಮ್ಮ ಫೋಟೋ ಮೊದಲೇ ನೋಡಿದ್ದರು. ಇದರಲ್ಲಿ ಹಲ್ಲೇ ಕಾಣುವುದಿಲ್ಲ, ಇವರ ಮಗಳಿಂದ ಶುರುಮಾಡೋಣವೇ ಎಂದು ಮೆಲ್ಲಗೆ ಕೇಳಿದರು. ನಾನು ಒಪ್ಪಲಿಲ್ಲ. ಇಡೀ ಓಣಿಯಲ್ಲಿ ಅಷ್ಟು ಹಳೆಯ ಫೋಟೋ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಅದನ್ನು ಬಿಟ್ಟರೆ ನನ್ನ ಜಂಬಕ್ಕೆ ಬೆಲೆಯೇನು? ಗೋಡೆಯ ಮೇಲೆ ಮೊದಲು ನೀವು ಬಂದಿರಿ. ಇಬ್ಬನಿ ನಿಮ್ಮನ್ನು ನೋಡಿದಳು, ತಕ್ಷಣ ತನ್ನ ಕೈಯನ್ನೂ ಬಾಯಿಗೆ ಅಡ್ಡ ಹಿಡಿದಳು. ಉಳಿದವರೆಲ್ಲ ಬಾಯಿ ತೆರೆದು ಸಾಲಾಗಿ ಬಂದುಹೋದರೂ ಕೈ ಇಳಿಯಲಿಲ್ಲ. ಆ ಕೈಯೊಳಗಿನಿಂದಲೇ ಹೇಳಿದಳು: "ಆ ದೊಡ್ಡಜ್ಜಿನೇ ಮುಚ್ಕೊಂಡಾಳ. ನಾ ಯಾಕ ತೆಗೀಲಿ?"

ಗದರಿಸಿದೆ, ರಮಿಸಿದೆ, ಕೊನೆಗೆ ಬೆಲ್ಲ ಕೊಡುತ್ತೇನೆ ಎಂದುಬಿಟ್ಟೆ. ಹಲ್ಲಿನ ಡಾಕ್ಟರ ಮುಂದೆ ಆಡುವ ಮಾತೇ ಅದು? ಹುಸೇನಪ್ಪನವರು ನನ್ನ ಮುಖ ನೋಡಿದರು. ಸಲಕರಣೆಗಳನ್ನು ಒಂದೊಂದಾಗಿ ಒಳಗಿಡತೊಡಗಿದರು. ನನಗೆ ಅಳು ಬರುವಂತಾಯಿತು, ನಿಮ್ಮ ಮೇಲೆ ಸಿಟ್ಟೂ ಬಂತು. ಆಗ ಇಬ್ಬನಿ, ದೊಡ್ಡಜ್ಜಿಯನ್ನು ಇನ್ನೊಮ್ಮೆ ತೋರಿಸಿ ಎಂದಳು. ಅವರು ನಿಮ್ಮನ್ನು ಗೋಡೆಯ ತುಂಬ ದೊಡ್ಡದು ಮಾಡಿ ತೋರಿಸಿದರು.

ಅಷ್ಟು ದೊಡ್ಡದಾಗಿ ನಾನೂ ನಿಮ್ಮನ್ನು ನೋಡಿರಲಿಲ್ಲ. ನಿಮ್ಮ ಕಣ್ಣಂಚು ಸುಕ್ಕುಗಟ್ಟಿತ್ತು, ನೀವು ನಗುತ್ತಿದ್ದಿರಿ. ನಿಮ್ಮ ಹಿಂದೆ ಪಂಕ್ತಿಯಲ್ಲಿ ಕೂತ ಒಬ್ಬ ದಪ್ಪ ಮನುಷ್ಯ ಇಡೀ ಹೋಳಿಗೆಯನ್ನು ಮಡಚಿ ಒಂದೇ ತುತ್ತಿಗೆ ಬಾಯಿಗೆ ತುರುಕಿಕೊಳ್ಳಲು ಹೊರಟಿದ್ದ. ಕಿರುನಾಲಿಗೆಯವರೆಗೂ ಕಾಣುವಷ್ಟು ಬಾಯಿ ತೆರೆದಿದ್ದ. "ಅವ್ವಾ, ಆ ಮಾಮನ ಬಾಯಿ ನೋಡಬೇ, ಹಿಂಗ ಐತಿ" ಎಂದು ಇಬ್ಬನಿ ಕೈ ತೆಗೆದು, ಅವನಂತೆಯೇ ಬಾಯಿ ಅಗಲಿಸಿ ತೋರಿಸಿದಳು. "ಹಂಗೇ ಇರವ್ವಾ, ಹೋಳಿಗಿ ಇನ್ನೂ ಒಳಗ ಹೋಗಿಲ್ಲ" ಎಂದು ಹುಸೇನಪ್ಪನವರು ದೀಪ ಹಿಡಿದರು. ಕೆಳಗಿನ ದವಡೆಯಲ್ಲಿ ಒಂದು ಹುಳುಕು ಸಿಕ್ಕಿತು. ತೊಳೆದು ತುಂಬಿದರು. ಸ್ವಲ್ಪ ಅತ್ತಳು, ಮಧ್ಯಾಹ್ನ ಎರಡೂ ಕಡೆಯಿಂದ ರೊಟ್ಟಿ ತಿಂದಳು. ಆ ಪುಣ್ಯಾತ್ಮ ಯಾರು, ನಮ್ಮ ಪೈಕಿಯವರೋ ಅಲ್ಲವೋ ಎಂದು ನಿಮಗೆ ತಿಳಿದಿದ್ದರೆ ಅವರಿಗೆ ನಮ್ಮ ನಮಸ್ಕಾರ ಮುಟ್ಟಿಸಿ.

ಹೊರಡುವಾಗ ಹುಸೇನಪ್ಪನವರು ಇನ್ನೊಂದು ಮಾತು ಹೇಳಿದರು. ಇಬ್ಬನಿಯ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದು ಇದೆ. ನನಗೂ ಇದೆ, ನನ್ನ ಅವ್ವನಿಗೂ ಇತ್ತು, ಸಾಲಿನಲ್ಲಿ ನಿಮ್ಮ ಮಗಳವರೆಗೂ ಇದೆ. ಅದರಾಚೆ ನಿಮ್ಮ ಕೈ. ಆ ಕೈ ಬರೀ ನಗುವಿಗೆ ಅಡ್ಡ ಬಂದದ್ದಲ್ಲ ಎಂದು ನನಗೆ ಆಗ ಹೊಳೆಯಿತು. ನಾನೂ ಶಾಲೆಯಲ್ಲಿ ಸಂದು ಕಾಣದಂತೆ ಹಾಗೆಯೇ ಕೈ ಅಡ್ಡ ಹಿಡಿದು ನಕ್ಕವಳು. ಸಂದು ಮುಚ್ಚುವುದು ಈಗ ಅರ್ಧ ಗಂಟೆಯ ಕೆಲಸ, ಆದರೆ ಬೇಕೋ ಬೇಡವೋ ಎಂದು ದೊಡ್ಡವಳಾದ ಮೇಲೆ ಅವಳೇ ಹೇಳಬೇಕು. ಬರೀ ನಾಚಿಕೆಗೆ ಅವಳು ಮುಚ್ಚಿಸಿ ಎನ್ನಬಾರದು ಎಂಬುದೊಂದೇ ನನ್ನ ಆಸೆ.

ಅದಕ್ಕೇ ನಿಮ್ಮಲ್ಲಿ ಒಂದು ಕೇಳಿಕೆ. ಇನ್ನೊಂದು ಫೋಟೋ ತೆಗೆಸಿಕೊಳ್ಳಿ, ಕೈ ಕೆಳಗಿಳಿಸಿ, ಹಲ್ಲು ಬಿಟ್ಟು ನಕ್ಕು. ಈ ಕಾಗದ ನಿಮಗೆ ತಲುಪುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಇಬ್ಬನಿಗೆ ಮಾತ್ರ ಅನುಮಾನವೇ ಇಲ್ಲ. ಬರೆಯುತ್ತಿದ್ದೇನೆ ಎಂದು ಹೇಳಿದಾಗಿನಿಂದ ಅವಳು ದಿನಾ ಬೆಳಿಗ್ಗೆ ಹಲ್ಲುಜ್ಜಿ ಬಂದು ನಿಮ್ಮ ಚಿತ್ರದ ಮುಂದೆ ನಿಲ್ಲುತ್ತಾಳೆ, ಕೈ ಇಳಿದಿದೆಯೇ ಎಂದು ನೋಡಲು.

ನಿಮ್ಮ,
ನೀಲಗಂಗೆ