ಓದದೆ ಬಿಟ್ಟ ಪುಟ

ಮಂಗಳವಾರ, ಮಧ್ಯಾಹ್ನ
ಪ್ರೆಸ್ಸಿನ ಮೇಜಿನಿಂದ

ಮುದ್ದು ಮಗಳೇ,

ನಿನ್ನ ಮೂರನೆಯ ಕಾಗದವೂ ಬಂತು. ಮೂರರಲ್ಲೂ ಒಂದೇ ಮಾತು: ತಮ್ಮನನ್ನು ಕಳಿಸು, ನಾನು ಆಸ್ಪತ್ರೆಯ ಡ್ಯೂಟಿಗೆ ಹೋದಾಗ ಮಗುವನ್ನು ನೋಡಿಕೊಳ್ಳಲಿ, ಅವನಿಗೂ ಯುದ್ಧ ಮರೆತುಹೋಗಲಿ ಅಂತ. ಮೊದಲ ಸಲ ಅವನಿಗೆ ಜ್ವರ ಎಂದು ಬರೆದೆ, ಎರಡನೆಯ ಸಲ ಬಸ್ಸು ಸರಿಯಿಲ್ಲ ಎಂದೆ. ಎರಡೂ ಸುಳ್ಳು. ನನಗೆ ಹೆದರಿಕೆ ಕಣೇ. ಹೆತ್ತ ಮಗನಿಗೇ ಹೆದರುತ್ತಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಹಸ್ತಪ್ರತಿ ಹಿಡಿದು ನಾನು ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತ ಮೇಷ್ಟ್ರು ಅದನ್ನು ಕೇಳುತ್ತ ಅಚ್ಚಿನ ಕರಡು ತಿದ್ದಬೇಕು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಸತ್ತವರಿಗೂ ಪೂರ್ಣವಿರಾಮ ಹಾಕುವ ಮಹಾತಾಯಿ ಎಂದು ಮೇಷ್ಟ್ರು ನನ್ನನ್ನು ಛೇಡಿಸುತ್ತಾರೆ. ನನ್ನ ಬಾಯಿಂದ ಬಾರದ್ದನ್ನು ಹೊಡೆದುಹಾಕುತ್ತಾರೆ. ಇಪ್ಪತ್ತು ವರ್ಷದ ನಂಬಿಕೆ.

ಈಗಿನ ಪುಸ್ತಕ ನಿನ್ನ ತಮ್ಮನ ಜೊತೆಗಿದ್ದ ಸೈನಿಕನದು. ಕಾದಂಬರಿ ಎಂದು ಕರೆದಿದ್ದಾನೆ. ಒಂದು ಗುಡ್ಡಕ್ಕಾಗಿ ಐವತ್ತು ಜನ ಸಾಯುತ್ತಾರೆ. ಒಂಬತ್ತನೆಯ ದಿನ ಆ ಗುಡ್ಡ ಬೇಡವೆಂದು ಆದೇಶ ಬರುತ್ತದೆ, ಉಳಿದವರು ಇಳಿದು ಬರುತ್ತಾರೆ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಎಂಬತ್ತೊಂದನೆಯ ಪುಟದಲ್ಲಿ ನನ್ನ ನಾಲಿಗೆ ನಿಂತುಹೋಯಿತು. ಗುಡ್ಡದ ಕೆಳಗಿನ ಮನೆಯೊಂದರಲ್ಲಿ ಏನೋ ಸದ್ದಾಗುತ್ತದೆ. ಬೆದರಿದ ಸೈನಿಕನೊಬ್ಬ ಮರದ ಪೆಟ್ಟಿಗೆಗೆ ಗುಂಡು ಹೊಡೆದು, ಆಮೇಲೆ ಮುಚ್ಚಳ ತೆಗೆಯುತ್ತಾನೆ. ಒಳಗೆ ಒಂದು ಮಗು. ಆ ಸೈನಿಕನಿಗೆ ಹೆಸರಿಲ್ಲ. ಹೆಸರು ಯಾಕೆ ಬೇಕು? ಮನೆಗೆ ಬಂದಂದಿನಿಂದ ನಿನ್ನ ತಮ್ಮ ಕಂಡ ಕಂಡ ಮುಚ್ಚಳವನ್ನೆಲ್ಲ ತೆಗೆದು ನೋಡುತ್ತಾನೆ. ಟ್ರಂಕು, ಹಿಟ್ಟಿನ ಡಬ್ಬ, ಬಟ್ಟೆ ಬುಟ್ಟಿ. ತೆಗೆಯುವ ಮೊದಲು ಬೆರಳಿನಿಂದ ಎರಡು ಸಲ ಮೆಲ್ಲಗೆ ತಟ್ಟುತ್ತಾನೆ. ಇದೇನು ಹುಚ್ಚೋ ಎಂದು ನಾನು ನಕ್ಕಿದ್ದೆ.

ಆ ಪುಟವನ್ನು ಕಣ್ಣಲ್ಲೇ ಓದಿ, ಬಾಯಿಬಿಟ್ಟು ಓದದೆ ಮುಂದಕ್ಕೆ ಹಾರಿದೆ. ಇಲ್ಲೊಂದು ಪುಟ ಹೆಚ್ಚಿದೆಯಲ್ಲಮ್ಮ ಎಂದರು ಮೇಷ್ಟ್ರು. ಬರೆದವರೇ ಬೇಡವೆಂದಿದ್ದಾರೆ ಎಂದೆ. ಅವರು ಗೀಟು ಎಳೆದರು. ಹಸ್ತಪ್ರತಿಯ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ನಿನ್ನೆ ಪುಸ್ತಕ ಬರೆದ ಸೈನಿಕ ಬಂದು ಕರಡು ತಿರುವಿದ. ಬೈಯಲಿಲ್ಲ. "ಅಮ್ಮಾ, ಅದೊಂದು ಬಿಟ್ಟು ಬೇರೆ ಯಾವ ಪುಟ ಬೇಕಾದ್ರೂ ತೆಗೀರಿ. ನಾನೂ ಅದೇ ಬಾಗಿಲಲ್ಲಿ ನಿಂತಿದ್ದೆ, ತಡೀಲಿಲ್ಲ" ಎಂದಷ್ಟೇ ಹೇಳಿದ. ಪುಟ ಕಳೆದುಹೋಗಿದೆ ಎಂದೆ. ನಾಳೆ ಅಚ್ಚು ಶುರುವಾಗುತ್ತದೆ.

ತಪ್ಪೆಂದು ಗೊತ್ತು. ಆದರೂ ಆ ಪುಟ ಕೊಡಲಾರೆ, ನಿನ್ನ ಮಗುವಿನ ಹತ್ತಿರ ಇವನನ್ನು ಕಳಿಸಲಾರೆ. ಇರುವೆಯನ್ನೂ ತುಳಿಯದ ಹುಡುಗ ಇವನು. ನನ್ನ ಹೆದರಿಕೆಯೇ ಅದು. ಇಂಥವನ ಕೈಯಲ್ಲೇ ಹೀಗಾಯಿತೆಂದರೆ ಇನ್ನು ಯಾರನ್ನು ನಂಬುವುದು? ಓದಿದ ಮೇಲೆ ಈ ಕಾಗದ ಹರಿದುಹಾಕು.

ನಿನ್ನನ್ನೂ ಅವನನ್ನೂ ಹೆತ್ತ
ಅಮ್ಮ

ವಿ.ಸೂ.: ಬುಧವಾರ ಬೆಳಿಗ್ಗೆ. ಚೀಲದಲ್ಲಿ ಆ ಹಾಳೆ ಇರಲಿಲ್ಲ. ಊಟದ ಮೇಜಿನ ಮೇಲೆ ಬಿಡಿಸಿಟ್ಟಿತ್ತು. ನಿನ್ನ ತಮ್ಮ ಓದಿದ್ದಾನೆ. ಒಂದೇ ಕಡೆ ಪೆನ್ನಿನಲ್ಲಿ ತಿದ್ದಿದ್ದಾನೆ. 'ಒಂದು ಮಗು' ಎಂಬುದನ್ನು ಹೊಡೆದು 'ಎರಡು ಮಕ್ಕಳು' ಎಂದು ಬರೆದಿದ್ದಾನೆ. ಹಾಳೆ ತೆಗೆದುಕೊಂಡು ಪ್ರೆಸ್ಸಿಗೆ ಹೊರಟಿದ್ದೇನೆ. ಅವನೂ ಬರುತ್ತಾನಂತೆ. ನಾನು ಗಟ್ಟಿಯಾಗಿ ಓದುವುದನ್ನು ಅವನು ಕೇಳಬೇಕಂತೆ.